ಮೂರು ಹೆಲ್ಮೆಟ್, ಎರಡು ಮೇಲುಡುಪು, ಒಂದು ಗೋಡೆ ಕ್ಯಾಲೆಂಡರ್: ಹೊಸದಾಗಿ ಸ್ಕೂಟರ್ ಕಲಿತವಳ ಹೋಲಿಕೆ

38ನೆಯ ವಯಸ್ಸಿನಲ್ಲಿ ಸ್ಕೂಟರ್ ಕಲಿತ ನನಗೆ ಗಾಡಿಯನ್ನು ಆರಿಸಲು ಒಂದು ಭಾನುವಾರ ಸಾಕಾಯಿತು. ಆದರೆ ಅದರ ಮೇಲೆ ಕೂರುವಾಗ ಏನು ತೊಡಬೇಕೆಂದು ತೀರ್ಮಾನಿಸಲು ಹತ್ತು ತಿಂಗಳು ಹಿಡಿಯಿತು. ಗಿರಿನಗರದ ಮನೆಯಿಂದ ಕೋರಮಂಗಲದ ಕಚೇರಿಗೆ ಹೋಗಿ ಬಂದರೆ ಸುಮಾರು 20 ಕಿಲೋಮೀಟರ್ ಆಗುತ್ತದೆ. ಸೌತ್ ಎಂಡ್ ಸರ್ಕಲ್, ಡೇರಿ ಸರ್ಕಲ್, ಹೊಸೂರು ರಸ್ತೆ ಎಂದು ಸಾಗುವ ಈ ದಾರಿಯಲ್ಲಿ ವೇಗ 40 ದಾಟುವುದು ಅಪರೂಪ, ಸಿಗ್ನಲ್ಲುಗಳಲ್ಲಿ ನಿಲ್ಲುವುದೇ ಹೆಚ್ಚು. ಈ ಅವಧಿಯಲ್ಲಿ ಮೂರು ಬಗೆಯ ಹೆಲ್ಮೆಟ್, ಎರಡು ಬಗೆಯ ಮೇಲುಡುಪು, ಎರಡು ಜೊತೆ ಗ್ಲೌಸ್ ಮತ್ತು ಮೊಣಕಾಲಿಗೆ ಎರಡು ಬಗೆಯ ರಕ್ಷಣೆಯನ್ನು ಬಳಸಿ ನೋಡಿದೆ. ಕೆಲವನ್ನು ಕೊಂಡೆ, ಕೆಲವನ್ನು ಭಾನುವಾರಗಳಂದು ಬೈಕಿನಲ್ಲಿ ದೂರ ಹೋಗುವ ತಮ್ಮನ ಹೆಂಡತಿಯಿಂದ ಎರವಲು ಪಡೆದೆ.

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಆ ದಿನ ಏನೇನು ತೊಟ್ಟು ಹೊರಟೆ ಎಂಬುದರ ಮೊದಲಕ್ಷರಗಳನ್ನು ಬರೆದಿಡುತ್ತಿದ್ದೆ. ಈ ಹೋಲಿಕೆಗೆ ಆ ಪುಟಗಳೇ ಆಧಾರ. ಅಂಗಡಿಯಲ್ಲಿ ಎಷ್ಟೇ ಉತ್ತಮವೆನಿಸಿದ ವಸ್ತುವಾದರೂ ಎರಡನೆಯ ವಾರದಿಂದ ಬೀರುವಿನಲ್ಲೇ ಉಳಿದರೆ ಅದರ ರಕ್ಷಣೆ ನನ್ನ ಪಾಲಿಗೆ ಸೊನ್ನೆ ಎಂಬ ಎಣಿಕೆಯಿಂದ ಹೊರಟಿದ್ದೆ. ಹೆಲ್ಮೆಟ್ಟಿನ ವಿಷಯದಲ್ಲಿ ಮಾತ್ರ ಆ ಎಣಿಕೆಯನ್ನು ಕೈಬಿಡಬೇಕಾಯಿತು.

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನಮ್ಮ ಬೆಳಗಾವಿಯ ವೇಗಾದಿಂದ ಹಿಡಿದು ಸ್ಟಡ್ಸ್, ಸ್ಟೀಲ್‌ಬರ್ಡ್‌ಗಳವರೆಗೆ ಹಲವು ಹೆಸರುಗಳು ಸಾಲಾಗಿ ನಿಂತಿರುತ್ತವೆ. ನಾನು ಹೋಲಿಸುತ್ತಿರುವುದು ಕಂಪನಿಗಳನ್ನಲ್ಲ, ಬಗೆಗಳನ್ನು; ಏಕೆಂದರೆ ಒಂದೇ ಅಳತೆಯ ಎರಡು ಕಂಪನಿಗಳ ಹೆಲ್ಮೆಟ್ ಒಂದೇ ತಲೆಗೆ ಬೇರೆ ಬೇರೆಯಾಗಿ ಕೂರುತ್ತವೆ, ನನ್ನ ತಲೆಯ ಆಕಾರ ಓದುಗರದ್ದಾಗಿರಬೇಕಿಲ್ಲ. ಎಲ್ಲ ಬಗೆಗಳಿಗೂ ಸಾಮಾನ್ಯವಾದ ಒಂದು ಷರತ್ತಿದೆ. 2021ರ ಜೂನ್ 1ರಿಂದ ನಮ್ಮ ದೇಶದಲ್ಲಿ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟನ್ನು ದ್ವಿಚಕ್ರ ಸವಾರರಿಗೆ ಮಾರುವಂತಿಲ್ಲ. ಗುರುತಿನ ಮೇಲ್ಭಾಗದಲ್ಲಿ ಐಎಸ್ 4151 ಎಂಬ ಮಾನಕದ ಸಂಖ್ಯೆಯೂ ಕೆಳಗೆ ತಯಾರಕರ ಪರವಾನಗಿ ಸಂಖ್ಯೆಯೂ ಇರಬೇಕು. ಆ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಫುಟ್‌ಪಾತಿನಲ್ಲಿ ಕೈಗೆತ್ತಿಕೊಂಡ ಒಂದು ಹೆಲ್ಮೆಟ್ಟಿನ ಗುರುತು ನನ್ನ ಉಗುರಿಗೇ ಕಿತ್ತು ಬಂತು. ಒಳಗೆ ಪೆಟ್ಟನ್ನು ಹೀರಬೇಕಾದ ಗಟ್ಟಿ ಥರ್ಮಾಕೋಲಿನ ಪದರವೇ ಇರಲಿಲ್ಲ, ತೆಳುವಾದ ಸ್ಪಂಜು ಮಾತ್ರ ಇತ್ತು. ಕರ್ನಾಟಕದಲ್ಲಿ 500 ರೂಪಾಯಿ ದಂಡ ತಪ್ಪಿಸಿಕೊಳ್ಳಲು ಅಂಥದ್ದನ್ನು ಕೊಳ್ಳುವವರಿದ್ದಾರೆ. ಅವರು ಕಾಪಾಡಿಕೊಳ್ಳುತ್ತಿರುವುದು ಆ 500 ರೂಪಾಯಿಯನ್ನು ಮಾತ್ರ.

ಮೊದಲು ಕೊಂಡದ್ದು ಮುಖ ತೆರೆದಿರುವ ಬಗೆ, ಅಂದರೆ ಗದ್ದದ ಭಾಗವಿಲ್ಲದೆ ಉದ್ದನೆಯ ಗಾಜು ಮಾತ್ರ ಇರುವಂಥದ್ದು. ಬೆಲೆ 1,150 ರೂಪಾಯಿ. ಹಗುರ, ಕನ್ನಡಕ ತೆಗೆಯದೆಯೇ ಹಾಕಿಕೊಳ್ಳಬಹುದು, ಸ್ಕೂಟರಿನ ಸೀಟಿನಡಿ ಸಲೀಸಾಗಿ ಕೂರುತ್ತದೆ. ಆರು ವಾರಗಳಲ್ಲಿ ಒಂದು ದಿನವೂ ಇದನ್ನು ಬಿಟ್ಟು ಹೊರಟವಳಲ್ಲ, ಬೀದಿ ತುದಿಯ ಅಂಗಡಿಗೆ ಹೋಗುವಾಗಲೂ. ನನ್ನ ಅಳತೆಗೋಲಿನ ಪ್ರಕಾರ ಇದೇ ಗೆಲ್ಲಬೇಕಿತ್ತು. ಆದರೆ ಒಂದು ದಿನ ಮನೆಗೆ ಬಂದ ತಮ್ಮ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಅಕ್ಕ, ಬೀಳುವಾಗ ನೆತ್ತಿ ಮಾತ್ರ ಕೊಟ್ಟು ಬೀಳ್ತೀನಿ ಅಂತ ರಸ್ತೆ ಹತ್ತಿರ ಮಾತಾಡ್ಕೊಂಡಿದ್ದೀಯಾ?" ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಕ್ಕೆ ಮುಗ್ಗರಿಸಿ ಬೀಳುವವರಿಗೆ ನೆಲ ಮೊದಲು ಸಿಗುವುದು ಗದ್ದಕ್ಕೂ ಹಲ್ಲಿಗೂ ಎಂಬುದನ್ನು ತಿಳಿಯಲು ಬೈಕು ಓಡಿಸಿರಬೇಕಾಗಿಲ್ಲ, ಅಂಗಳದಲ್ಲಿ ಓಡುವ ಮಗುವನ್ನು ನೋಡಿದ್ದರೆ ಸಾಕು.

ಎರಡನೆಯದು ಪೂರ್ತಿ ಮುಖ ಮುಚ್ಚುವ ಫುಲ್ ಫೇಸ್. ಇಡೀ ಚಿಪ್ಪು ಒಂದೇ ತುಂಡಾಗಿರುವುದರಿಂದ ಗದ್ದದ ಭಾಗದಲ್ಲಿ ಕೀಲುಗಳಿಲ್ಲ, ಸಡಿಲವಾಗುವಂಥ ಜಾಗಗಳಿಲ್ಲ. ಮೂರರಲ್ಲಿ ಗಟ್ಟಿಯಾದದ್ದು ಇದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕನಕಪುರ ರಸ್ತೆಯಲ್ಲಿ 70ರ ವೇಗದಲ್ಲಿ ಹೋದ ಭಾನುವಾರಗಳಂದು ಗಾಳಿಯ ಸದ್ದು ಇದರಲ್ಲಿ ಕಡಿಮೆ ಇತ್ತು, ಕಣ್ಣಿಗೆ ಧೂಳು ಬರಲಿಲ್ಲ. ಊರೊಳಗಿನ ಕಥೆಯೇ ಬೇರೆ. ಪ್ರತಿ ಸಲವೂ ಕನ್ನಡಕ ತೆಗೆದು, ಹೆಲ್ಮೆಟ್ ಇಳಿಸಿ, ಕನ್ನಡಕದ ಕಡ್ಡಿಗಳನ್ನು ಕೆನ್ನೆಯ ಮೆತ್ತೆ ಮತ್ತು ಕಿವಿಯ ನಡುವೆ ತೂರಿಸಬೇಕು. ಮಳೆ ಬಂದಾಗ ಡೇರಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತರೆ ಉಸಿರಿಗೆ ಗಾಜೂ ಕನ್ನಡಕವೂ ಒಟ್ಟಿಗೇ ಮಂಜಾಗುತ್ತವೆ. ಗಾಜಿನ ಒಳಗೆ ಅಂಟಿಸುವ ಮಂಜುನಿರೋಧಕ ಹಾಳೆ ಗಾಜಿನ ಮಂಜನ್ನು ತಡೆಯಿತೇ ಹೊರತು ಕನ್ನಡಕದ ಮಂಜನ್ನಲ್ಲ. ನನ್ನ ಸೀಟಿನಡಿ ಇದು ಹಿಡಿಯಲಿಲ್ಲ. ಎರಡು ತಿಂಗಳ ಪುಟಗಳಲ್ಲಿ ಕಚೇರಿಯ ದಿನಗಳೆಲ್ಲ ತುಂಬಿದ್ದರೂ ಸಂಜೆಯ ತರಕಾರಿ, ಔಷಧಿಯ ಓಡಾಟಗಳಲ್ಲಿ ಒಂಬತ್ತು ಸಲ ಬರಿತಲೆಯಲ್ಲಿ ಹೋಗಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಚ್ಚಿಟ್ಟರೆ ಹೋಲಿಕೆ ಸುಳ್ಳಾಗುತ್ತದೆ.

ಮೂರನೆಯದು ಗದ್ದದ ಭಾಗವನ್ನು ಮೇಲಕ್ಕೆ ಎತ್ತಬಹುದಾದ ಫ್ಲಿಪ್ ಅಪ್. ನಾನು ಕೊಟ್ಟದ್ದು 4,800 ರೂಪಾಯಿ. ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ ಇದು ಫುಲ್ ಫೇಸಿಗಿಂತ 200 ಗ್ರಾಂ ಹೆಚ್ಚು ತೂಗಿತು, ಮೊದಲ ವಾರ ಕತ್ತು ನೋಯಿತು. ಗಾಳಿಯ ಸದ್ದೂ ಜಾಸ್ತಿ. ಆದರೆ ಕನ್ನಡಕದ ಸಮಸ್ಯೆ ಪೂರ್ತಿ ಹೋಯಿತು; ಪೆಟ್ರೋಲ್ ಬಂಕಿನಲ್ಲಿ ಮಾತನಾಡಲು, ಸಿಗ್ನಲ್ಲಿನಲ್ಲಿ ಮುಖಕ್ಕೆ ಗಾಳಿ ತೆಗೆದುಕೊಳ್ಳಲು ಒಂದು ಗುಂಡಿ ಒತ್ತಿದರೆ ಸಾಕು. ಇದನ್ನು ಕೊಳ್ಳುವವರು ನೋಡಲೇಬೇಕಾದ ಒಂದು ಸಣ್ಣ ವಿವರವಿದೆ. ಯುರೋಪಿನ ಇಸಿಇ ಮಾನಕದ ಚೀಟಿ ಇದ್ದರೆ ಅದರಲ್ಲಿ 'ಪಿ' ಎಂದಿದ್ದಾಗ ಗದ್ದದ ಭಾಗ ಪೆಟ್ಟಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದೂ, 'ಜೆ' ಎಂದರೆ ಮುಖ ತೆರೆದ ಬಗೆ ಎಂದೂ, 'ಎನ್‌ಪಿ' ಎಂದರೆ ಗದ್ದದ ಹೊದಿಕೆ ಇದ್ದರೂ ಅದು ರಕ್ಷಣೆಗಲ್ಲ ಎಂದೂ ಅರ್ಥ. ನನ್ನದರಲ್ಲಿ ಐಎಸ್‌ಐ ಗುರುತಿನ ಜೊತೆಗೆ 'ಪಿ' ಮತ್ತು 'ಜೆ' ಎರಡೂ ಇದ್ದವು. ಆ ಇಸಿಇ ಮಾನಕದ ಹೊಸ 22.06 ಆವೃತ್ತಿಯಲ್ಲಿ ತಲೆ ತಿರುಚುವಂಥ ಓರೆ ಪೆಟ್ಟನ್ನೂ ಪರೀಕ್ಷಿಸುತ್ತಾರೆ, ಹಳೆಯ 22.05ರಲ್ಲಿ ಹೀಗೆ ಇರಲಿಲ್ಲ. ಗಾಡಿ ಚಲಿಸುವಾಗ ಗದ್ದದ ಭಾಗ ಎತ್ತಿಕೊಂಡೇ ಇರುವವರಿಗೆ ಈ ಅಕ್ಷರಗಳಿಂದ ಏನೂ ಪ್ರಯೋಜನವಿಲ್ಲ ಎಂಬುದನ್ನು ಸಂಜೆಯ ಹೊಸೂರು ರಸ್ತೆಯಲ್ಲಿ ದಿನವೂ ಕಾಣುತ್ತೇನೆ.

ಈಗ ದಿನನಿತ್ಯಕ್ಕೆ ಫ್ಲಿಪ್ ಅಪ್, ಊರಾಚೆಗೆ ಫುಲ್ ಫೇಸ್. ಒಂದನ್ನೇ ಕೊಳ್ಳುವ ಕನ್ನಡಕಧಾರಿಗಳಿಗೆ ಫ್ಲಿಪ್ ಅಪ್, ಕನ್ನಡಕವಿಲ್ಲದವರಿಗೆ ಫುಲ್ ಫೇಸ್ ಎಂದು ಹೇಳುತ್ತೇನೆ. ಮುಖ ತೆರೆದದ್ದನ್ನು ಯಾರಿಗೂ ಹೇಳಲಾರೆ.

ಬಗೆ ಯಾವುದಾದರೂ ಅಳತೆ ತಪ್ಪಿದರೆ ಎಲ್ಲವೂ ತಪ್ಪಿದಂತೆ. ಹುಬ್ಬಿನಿಂದ ಒಂದು ಬೆರಳು ಮೇಲೆ ಟೇಪು ಸುತ್ತಿದಾಗ ನನ್ನ ತಲೆ 56 ಸೆಂಟಿಮೀಟರ್ ಬಂತು. ಅಂಗಡಿಯ ಹುಡುಗ ಸಲೀಸಾಗಿ ಇಳಿಯಿತೆಂದು ಒಂದು ಅಳತೆ ದೊಡ್ಡದನ್ನೇ ಕಟ್ಟಿಕೊಡಲು ಹೊರಟಿದ್ದ. ವಾಸ್ತವದಲ್ಲಿ ಒಳಮೆತ್ತೆ ಕೆಲವು ವಾರಗಳಲ್ಲಿ ಅದುಮಿ ಸಡಿಲವಾಗುವುದರಿಂದ ಹೊಸದು ಕೆನ್ನೆಯನ್ನು ಒತ್ತುವಷ್ಟು ಬಿಗಿಯಾಗಿರಬೇಕು, ಆದರೆ ಹಣೆಯ ಮೇಲೆ ಒಂದೇ ಕಡೆ ನೋವಾಗಬಾರದು. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆ ಎತ್ತಿದಾಗ ಹೆಲ್ಮೆಟ್ ಮುಂದಕ್ಕೆ ಉರುಳಿ ಕಳಚಬಾರದು. ಉದ್ದ ಕೂದಲಿನವರು ತುರುಬನ್ನು ಬಿಚ್ಚಿ ಕತ್ತಿನ ಬಳಿ ಸಡಿಲವಾದ ಜಡೆ ಹಾಕಿಕೊಂಡೇ ಪರೀಕ್ಷಿಸಬೇಕು. ತುರುಬಿನ ಮೇಲೆ ಕೂತ ಹೆಲ್ಮೆಟ್ ತಲೆಯ ಮೇಲೆ ಕೂತಿರುವುದಿಲ್ಲ.

ಮೇಲುಡುಪಿನಲ್ಲಿ ಸ್ಪರ್ಧೆ ಇದ್ದದ್ದು ಜಾಲರಿ ಬಟ್ಟೆಯ ರೈಡಿಂಗ್ ಜಾಕೆಟ್ಟಿಗೂ ಚೂಡಿದಾರದ ಒಳಗೆ ತೊಡುವ ಕವಚದ ಅಂಗಿಗೂ. ಎರಡರಲ್ಲೂ ಭುಜ ಮತ್ತು ಮೊಣಕೈಗಳಲ್ಲಿ ಮೆತ್ತನೆಯ ತುಂಡುಗಳಿದ್ದವು, ಪೆಟ್ಟು ಬಿದ್ದ ಕ್ಷಣ ಗಟ್ಟಿಯಾಗುವಂಥವು. ಅವುಗಳ ಮೇಲೆ ಇಎನ್ 1621-1 ಎಂಬ ಯುರೋಪಿನ ಮಾನಕದ ಸಂಖ್ಯೆ ಮತ್ತು 1 ಅಥವಾ 2 ಎಂಬ ಮಟ್ಟ ಅಚ್ಚಾಗಿರಬೇಕು. ನಿಗದಿತ ಪೆಟ್ಟು ಕೊಟ್ಟಾಗ ಒಳಗೆ ದಾಟುವ ಬಲದ ಸರಾಸರಿ ಮಟ್ಟ 1ರಲ್ಲಿ 35 ಕಿಲೋನ್ಯೂಟನ್, ಮಟ್ಟ 2ರಲ್ಲಿ 20 ಕಿಲೋನ್ಯೂಟನ್ ಮೀರಬಾರದು. ಅಂದರೆ ಇವೆರಡರ ನಡುವಿನ ಅಂತರ ಅಂಗಡಿಯವರು ಹೇಳುವಷ್ಟು ಅಲ್ಪವಲ್ಲ. ಬೆನ್ನಿನ ಮಾನಕ ಬೇರೆ, 1621-2. ಅಲ್ಲಿ ಮಿತಿ 18 ಮತ್ತು 9. ನನ್ನ 7,500 ರೂಪಾಯಿಯ ಜಾಕೆಟ್ಟಿನ ಬೆನ್ನಿನ ಜೇಬನ್ನು ಬಿಚ್ಚಿದಾಗ ಯಾವ ಸಂಖ್ಯೆಯೂ ಇಲ್ಲದ, ಚಾಪೆಯಂಥ ಒಂದು ಫೋಮ್ ಹಾಳೆ ಸಿಕ್ಕಿತು. ಹಲವು ಜಾಕೆಟ್ಟುಗಳಲ್ಲಿ ಹೀಗೆಯೇ ಇರುತ್ತದೆ. ಮಟ್ಟ 2ರ ಬೆನ್ನುಕವಚವನ್ನು ಬೇರೆಯಾಗಿ 2,200 ರೂಪಾಯಿಗೆ ಕೊಂಡು ಹಾಕಿದೆ. ಹಾಗಾಗಿ ಜಾಕೆಟ್ ಕೊಳ್ಳುವಾಗ ಎಲ್ಲ ಜೇಬುಗಳನ್ನೂ ಅಂಗಡಿಯಲ್ಲೇ ಬಿಚ್ಚಿ ನೋಡುವುದು ಒಳ್ಳೆಯದು. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಕವಚದ ಅಂಗಿ ಗೆಲ್ಲುತ್ತದೆಂದು ನಾನು ನಂಬಿದ್ದೆ. ಮೈಗೆ ಅಂಟಿಕೊಂಡಿರುವುದರಿಂದ ಅದರ ಮೊಣಕೈ ತುಂಡು ಸ್ಥಳ ಬಿಟ್ಟು ಕದಲುವುದಿಲ್ಲ. ಜಾಕೆಟ್ಟಿನ ತುಂಡನ್ನು ಕೈಯಿಂದ ತಿರುಗಿಸಿದರೆ, ತೋಳಿನ ಪಟ್ಟಿ ಬಿಗಿಯದಿದ್ದಾಗ, ಸುಲಭವಾಗಿ ಜಾರುತ್ತದೆ. ಆದರೆ ಅಂಗಿಯ ಬಟ್ಟೆ ಹಿಗ್ಗುವ ಜಾಲರಿ, ಡಾಂಬರಿನ ಮೇಲೆ ಉಜ್ಜಿದರೆ ತಡೆಯುವಂಥದ್ದಲ್ಲ. ಮೇಲಿನ ಹತ್ತಿಯ ಚೂಡಿದಾರವೂ ತಡೆಯುವುದಿಲ್ಲ. ಜಾಕೆಟ್ಟಿನ ಭುಜ, ಮೊಣಕೈಗಳಲ್ಲಿ ದಪ್ಪ ನೇಯ್ಗೆಯ ಬಟ್ಟೆ ಇದೆ, ಎದೆಯ ಭಾಗದಲ್ಲಿ ಮಾತ್ರ ಜಾಲರಿ. ಇನ್ನೊಂದು ತೊಡಕನ್ನು ನಾನು ಮೊದಲೇ ಊಹಿಸಿರಲಿಲ್ಲ. ಕಚೇರಿಗೆ ಹೋದ ಮೇಲೆ ಜಾಕೆಟ್ಟನ್ನು ಕುರ್ಚಿಗೆ ನೇತುಹಾಕಿದರೆ ಮುಗಿಯಿತು, ಅಂಗಿಯನ್ನು ಕಳಚಲು ಶೌಚಾಲಯಕ್ಕೆ ಹೋಗಿ ಚೂಡಿದಾರವನ್ನೇ ತೆಗೆಯಬೇಕು. ಏಪ್ರಿಲಿನಲ್ಲಿ ಒದ್ದೆಯಾದ ಅದನ್ನು ಸಂಜೆ ಮತ್ತೆ ಮೈಗೇರಿಸಿಕೊಳ್ಳುವ ಅನುಭವವನ್ನು ವರ್ಣಿಸದಿರುವುದೇ ಮೇಲು. 60 ಕೆಲಸದ ದಿನಗಳಲ್ಲಿ ಜಾಕೆಟ್ಟನ್ನು 49 ದಿನ ತೊಟ್ಟೆ, ಅಷ್ಟೇ ದಿನಗಳಲ್ಲಿ ಅಂಗಿಯನ್ನು 17 ದಿನ. ಜಾಕೆಟ್ಟಿನ ಜಿಪ್ ಎಳೆದರೆ ವೇಲು ಒಳಗೇ ಉಳಿದು ಚಕ್ರಕ್ಕೆ ಸಿಗುವ ಭಯವೂ ತಪ್ಪುತ್ತದೆ. ಇದು ಯಾವ ಜಾಹೀರಾತಿನಲ್ಲೂ ಇಲ್ಲದ ಲಾಭ.

ಗ್ಲೌಸಿನ ತೀರ್ಪು ಒಂದೇ ಸಂಜೆಯಲ್ಲಿ ಬಂತು. ಮೇ ತಿಂಗಳ ಮೊದಲ ಜೋರು ಮಳೆಯ ನಂತರ ಜಯನಗರದ ಒಂದು ತಿರುವಿನಲ್ಲಿ ಹಳದಿ ಗುಲ್‌ಮೊಹರಿನ ಹೂಗಳು ರಸ್ತೆಗೆ ಹಾಸಿದಂತೆ ಬಿದ್ದಿದ್ದವು. ನೋಡಲು ಸೊಗಸು, ಆದರೆ ಒದ್ದೆಯಾದಾಗ ಸೋಪಿನಷ್ಟೇ ಜಾರು. 15ರ ವೇಗದಲ್ಲಿ ಬ್ರೇಕ್ ಹಿಡಿದೆ, ಮುಂದಿನ ಚಕ್ರ ಜಾರಿತು, ಎಡ ಅಂಗೈ ನೆಲಕ್ಕೆ ಊರಿ ಬಿದ್ದೆ. ಅಂದು ತೊಟ್ಟಿದ್ದದ್ದು ಅಂಗೈಯ ಬುಡದಲ್ಲಿ ಗಟ್ಟಿ ತುಂಡು ಹೊಲಿದ, ಮಣಿಕಟ್ಟಿಗೆ ಬಿಗಿಯುವ ಚರ್ಮದ ಗ್ಲೌಸ್. ಆ ತುಂಡಿನ ಮೇಲೆ ಈಗಲೂ ನಾಲ್ಕು ಗೀರುಗಳಿವೆ, ನನ್ನ ಅಂಗೈಯಲ್ಲಿ ಒಂದೂ ಇಲ್ಲ. ಅದಕ್ಕೂ ಹಿಂದಿನ ತಿಂಗಳು ಬಳಸುತ್ತಿದ್ದ, ಬಿಸಿಲಿಗೆಂದು ಕೊಂಡಿದ್ದ ತೆಳುವಾದ ಬಟ್ಟೆಯ ಗ್ಲೌಸನ್ನು ಮರುದಿನವೇ ಪಾತ್ರೆ ಒರೆಸಲು ಕೊಟ್ಟೆ. ಜಾಕೆಟ್ಟಿನ ಮೊಣಕೈಯೂ ಉಜ್ಜಿತ್ತು, ಹರಿದಿರಲಿಲ್ಲ.

ಊದಿದ್ದು ಎಡ ಮೊಣಕಾಲು. ಆ ದಿನದ ಚೌಕದಲ್ಲಿ 'ಮೊ' ಅಕ್ಷರ ಇಲ್ಲ.

ಶೂಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪಾದದ ಕೀಲನ್ನು ಮುಚ್ಚುವ, ಲೇಸು ಹೊರಗೆ ನೇತಾಡದ ಚರ್ಮದ ಶೂ ಕ್ಯಾನ್ವಾಸ್ ಶೂಗಿಂತ ಎಲ್ಲ ರೀತಿಯಲ್ಲೂ ಮೇಲು. ಚಪ್ಪಲಿಯನ್ನು ಹೋಲಿಕೆಗೇ ತೆಗೆದುಕೊಳ್ಳಲಿಲ್ಲ. ಮಳೆಗೆ ಜಾಕೆಟ್ಟಿನೊಳಗೆ ಜಿಪ್ಪಿನಿಂದ ಕೂಡಿಸುವ ಪದರವನ್ನೂ ಮೇಲಿನಿಂದ ತೊಡುವ ರೇನ್‌ಕೋಟನ್ನೂ ಬಳಸಿದೆ. ಒಳಪದರ ಮೈಯನ್ನು ಒಣಗಿಸಿಟ್ಟರೂ ಹೊರಗಿನ ಜಾಕೆಟ್ ನೆನೆದು ಭಾರವಾಗುತ್ತದೆ, ಅಲ್ಲದೆ ಅದನ್ನು ಕೂಡಿಸಲು ಫ್ಲೈಓವರಿನಡಿ ನಿಂತ ನೂರು ಜನರ ನಡುವೆ ಜಾಕೆಟ್ ಕಳಚಬೇಕು. ರೇನ್‌ಕೋಟು ಸಾಕು.

ಇತ್ಯರ್ಥವಾಗದೆ ಉಳಿದದ್ದು ಮೊಣಕಾಲೇ. ಒಳಗೆ ಕವಚ ಹೊಲಿದ ರೈಡಿಂಗ್ ಜೀನ್ಸ್ ರಕ್ಷಣೆಯಲ್ಲಿ ಉತ್ತಮ, ಕವಚ ಸ್ಥಳದಲ್ಲೇ ಇರುತ್ತದೆ. ಆದರೆ 5,500 ರೂಪಾಯಿ ಕೊಟ್ಟ ಮೇಲೆಯೂ ಕಚೇರಿಗೆ ಅದನ್ನು ತೊಟ್ಟದ್ದು ನಾಲ್ಕೇ ದಿನ. ಚೂಡಿದಾರದ ಮೇಲೆಯೇ ಪಟ್ಟಿ ಬಿಗಿಯುವ ಗಾರ್ಡುಗಳು 1,400 ರೂಪಾಯಿ, ತೊಡಲು ಎರಡು ನಿಮಿಷ, ಆದರೆ ಸೌತ್ ಎಂಡ್ ಸರ್ಕಲ್ ತಲುಪುವಷ್ಟರಲ್ಲಿ ಕಣಕಾಲಿಗೆ ಜಾರಿರುತ್ತವೆ. ಮೇಲಿನ ಪಟ್ಟಿಯ ಒಳಬದಿಗೆ ದರ್ಜಿಯವರಿಂದ ರಬ್ಬರಿನ ಪಟ್ಟಿ ಹೊಲಿಸಿದ ಮೇಲೆ ಜಾರುವುದು ಕಡಿಮೆಯಾಗಿದೆ. ಈ ತಿಂಗಳ ಪುಟದಲ್ಲಿ ಇಂದಿನವರೆಗೆ 'ಮೊ' ಹನ್ನೊಂದು ಕಡೆ ಇದೆ, ಖಾಲಿ ಚೌಕಗಳು ಏಳು.