ರೂಹ್ ಖಸ್: ವರ್ಷಗಟ್ಟಲೆ ಹಚ್ಚಿಕೊಂಡವರ ಅನುಭವ

ಬಾಟಲಿಯ ಮುಚ್ಚಳ ತೆಗೆದು ಒಮ್ಮೆ ಮೂಸಿ, ಬೇಕು ಬೇಡ ಅಂತ ತೀರ್ಮಾನಿಸುವವರಿಗೆ ಈ ಎಣ್ಣೆ ಆಗಿಬರುವುದಿಲ್ಲ. ನಾನು ವರ್ಷಗಳಿಂದ ಬೇಸಿಗೆ ಪೂರ್ತಿ ಇದನ್ನೇ ಹಚ್ಚಿಕೊಳ್ಳುತ್ತೇನೆ, ಆದರೂ ಬಾಟಲಿಯಿಂದ ನೇರ ಮೂಸಿದರೆ ನನಗೂ ಮೂಗು ಕಟ್ಟಿದ ಹಾಗಾಗುತ್ತದೆ.

ರೂಹ್ ಖಸ್ ಅಂದರೆ ಲಾವಂಚದ ಬೇರಿನ ಎಣ್ಣೆ, ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಬೇಯಿಸಿ ಇಳಿಸಿದ್ದು. ಹಂಡೆಗೆ ಅಲ್ಲಿ ದೇಗ್ ಅನ್ನುತ್ತಾರೆ. ಅದರ ಬಾಯಿಗೆ ಮಣ್ಣು ಮೆತ್ತಿ, ಬಿದಿರಿನ ಕೊಳವೆಯಲ್ಲಿ ಆವಿಯನ್ನು ನೀರಲ್ಲಿ ಕೂರಿಸಿದ ಭಪ್ಕಾ ಅನ್ನುವ ಪಾತ್ರೆಗೆ ಇಳಿಸುತ್ತಾರೆ. ಅತ್ತರು ಮಾಡುವಾಗ ಆ ಭಪ್ಕಾದಲ್ಲಿ ಮೊದಲೇ ಗಂಧದ ಎಣ್ಣೆ ಇರುತ್ತದೆ, ರೂಹ್‌ಗೆ ಅದಿಲ್ಲ, ಬೇರಿನ ಎಣ್ಣೆ ಬಿಟ್ಟರೆ ಏನೂ ಇಲ್ಲ. ನೂರು ಕಿಲೋ ಬೇರು ಬೇಯಿಸಿದರೂ ಒಂದು ಕಿಲೋ ಎಣ್ಣೆ ಬರುವುದಿಲ್ಲ. ದುಬಾರಿ ಯಾಕೆ ಅಂತ ಕೇಳುವವರಿಗೆ ಇಷ್ಟು ಸಾಕು.

ಈಗ ಮೈಮೇಲೆ ಹೇಗಿರುತ್ತದೆ ಅನ್ನುವುದು. ಎಣ್ಣೆ ಮಂದ, ಚಳಿಗಾಲದಲ್ಲಂತೂ ಡ್ರಾಪರ್ ತುದಿಯಲ್ಲೇ ಜೋತುಬಿದ್ದು ಕೆಳಗಿಳಿಯಲು ಹಟ ಮಾಡುತ್ತದೆ, ಬಾಟಲಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡರೆ ದಾರಿಗೆ ಬರುತ್ತದೆ. ಮಣಿಕಟ್ಟಿಗೆ ಒಂದು ಚುಕ್ಕೆ ಸಾಕು. ಮೊದಲು ಬರುವುದು ಆಗಷ್ಟೇ ಕಿತ್ತ ಶೇಂಗಾ ಗಿಡದ ಬುಡದ ಹಸಿಮಣ್ಣಿನ ವಾಸನೆ, ಜೊತೆಗೊಂದು ಹಸಿರು ಕಹಿ. ಪಕ್ಕದಲ್ಲಿದ್ದವರು ಇದೇನು ಮಣ್ಣು ಮೆತ್ಕೊಂಡಿದ್ದೀರಾ ಅಂತ ಕೇಳುವುದು ಈ ಹೊತ್ತಿನಲ್ಲೇ. ಸ್ವಲ್ಪ ತಡೆಯಿರಿ. ಕಹಿ ಇಳಿದು ಒಣ ಮರದ ಪರಿಮಳ ಮೇಲೆ ಬರುತ್ತದೆ, ಸಂಜೆ ಹೊತ್ತಿಗೆ ಒಳಗೆಲ್ಲೋ ಒಂಚೂರು ಸಿಹಿ. ನಾನು ಕಾಯುವುದು ಆ ಸಂಜೆಯ ವಾಸನೆಗೇ. ಇದರಲ್ಲಿರುವ ಖುಸಿಮಾಲ್, ವೆಟಿವೋನ್ ತರಹದ ಕಣಗಳು ಭಾರವಾದ್ದರಿಂದ ಆವಿಯಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಸೆಂಟ್ ಮಾಡುವವರು ಹಗುರ ವಾಸನೆಗಳನ್ನು ಹಿಡಿದಿಡಲು ಲಾವಂಚವನ್ನು ತಳಕ್ಕೆ ಹಾಕುವುದೂ ಅದಕ್ಕೇ. ಫ್ರಾನ್ಸಿನ ಸೆಂಟ್ ಕಂಪನಿಗಳಾದ ಕಾರ್ವೆನ್ 1957ರಲ್ಲಿ, ಗೆರ್ಲಾನ್ 1959ರಲ್ಲಿ ವೆಟಿವರ್, ಅಂದರೆ ಲಾವಂಚದ ಹೆಸರಿನಲ್ಲೇ ಸೆಂಟ್ ತಂದವು, ಅಂದರೆ ಅಲ್ಲಿ ತಳದಲ್ಲಿದ್ದದ್ದೇ ಎದುರಿಗೆ ಬಂದು ಕೂತಿತು.

ಹೈಟಿಯ ಎಣ್ಣೆಯನ್ನೂ ಜಾವಾದ್ದನ್ನೂ ಬಳಸಿದ್ದೇನೆ. ಹೈಟಿಯದು ಸ್ವಚ್ಛ, ಆಫೀಸಿಗೆ ಹಚ್ಚಿಕೊಂಡು ಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ಜಾವಾದ್ದು ಹೊಗೆ ವಾಸನೆ, ನನಗೆ ಜಾಸ್ತಿ ಆಯಿತು. ಹೊಸಬರು ಹೈಟಿಯದರಿಂದಲೇ ಶುರು ಮಾಡಿ ಅಂತೀನಿ. ರೂಹ್ ಖಸ್‌ನಲ್ಲಿರುವ ಹಸಿಮಣ್ಣು ಮಾತ್ರ ಅವೆರಡರಲ್ಲೂ ಸಿಗಲಿಲ್ಲ.

ಬಣ್ಣದ ವಿಷಯ ಹೇಳಲೇಬೇಕು. ತಾಮ್ರದ ಹಂಡೆಯಲ್ಲಿ ಇಳಿಸಿದ್ದಕ್ಕೆ ತಾಮ್ರ ಸೇರಿ ಹಸಿರು ಬರುತ್ತದೆ, ಸ್ಟೀಲಿನಲ್ಲಿ ಇಳಿಸಿದ್ದು ಕಂದು. ಹಾಗಂತ ಹಸಿರಿದ್ದದ್ದೆಲ್ಲಾ ಅಸಲಿ ಅಲ್ಲ. ಒಂದು ಆನ್‌ಲೈನ್ ಅಂಗಡಿಯವರು ಕಳಿಸಿದ ಬಾಟಲಿ ನೋಡೋಕೆ ಎಷ್ಟು ಹಸಿರು ಅಂತೀರಿ, ಮುಚ್ಚಳ ತೆಗೆದರೆ ಸೀದಾ ಖಸ್ ಶರಬತ್ತು! ಎಣ್ಣೆ ನೀರಾಗಿತ್ತು, ಕಾಗದದ ಪಟ್ಟಿಗೆ ಹಾಕಿದ ಚುಕ್ಕೆ ಮಧ್ಯಾಹ್ನದೊಳಗೆ ಸತ್ತೇ ಹೋಯಿತು. ಅಸಲಿ ಎಣ್ಣೆಯ ಪಟ್ಟಿಯನ್ನು ಪುಸ್ತಕದೊಳಗೆ ಮರೆತುಬಿಟ್ಟರೆ ದಿನಗಳಾದ ಮೇಲೂ ಪುಟವೆಲ್ಲಾ ಲಾವಂಚ. ದುಡ್ಡು ವಾಪಸ್ ಕೇಳಿದ್ದಕ್ಕೆ "ನ್ಯಾಚುರಲ್ ಪ್ರಾಡಕ್ಟ್ ಸರ್, ಬ್ಯಾಚಿಂದ ಬ್ಯಾಚಿಗೆ ವ್ಯತ್ಯಾಸ ಇರುತ್ತೆ" ಅಂದರು. ವ್ಯತ್ಯಾಸ ಇರುತ್ತದೆ ನಿಜ, ಇಷ್ಟಲ್ಲ.

ಬೇಜಾರಿನ ಸಂಗತಿಗಳೂ ಇವೆ. ಬಿಳಿ ಅಂಗಿಯ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಮುಚ್ಚಿದ ಕಾರಿನಲ್ಲಿ ಎರಡು ಚುಕ್ಕೆಯಾದರೂ ತಲೆನೋವು ಗ್ಯಾರಂಟಿ. ಚರ್ಮ ಸೂಕ್ಷ್ಮ ಇರುವವರು ಬಾದಾಮಿ ಎಣ್ಣೆಯಲ್ಲಿ ಬೆರೆಸಿ, ಮೊದಲು ಮೊಣಕೈ ಒಳಗೆ ಹಚ್ಚಿ ನೋಡಿ. ಕೊಳ್ಳುವಾಗ ಸುಮ್ನೆ ದೊಡ್ಡ ಬಾಟಲಿಗೆ ಹೋಗಬೇಡಿ. ಎರಡು ಮಿಲೀ ತಗೊಂಡು ಬಿಸಿಲು ಬೀಳದ ಕಡೆ ಇಡಿ, ಕೆಡುವುದಿಲ್ಲ. ನನ್ನ ಹಳೇ ಬಾಟಲಿ ಕೊಂಡ ವರ್ಷಕ್ಕಿಂತ ಈಗಲೇ ಚೆನ್ನಾಗಿದೆ, ಆ ಮೊದಲಿನ ಕಹಿ ಅರ್ಧಕ್ಕರ್ಧ ಇಳಿದಿದೆ.