ಮಳೆಗಾಲದಲ್ಲಿ ನೆಟ್ ಇಲ್ಲದೆಯೂ ಕೆಲಸಕ್ಕೆ ಬಂದ ಸೂಪರ್ ಗ್ರಬ್2 ಡಿಸ್ಕ್

ವಿಂಡೋಸ್ ಜೊತೆ ಉಬುಂಟು (ಒಂದು ಬಗೆಯ ಲಿನಕ್ಸ್) ಹಾಕಿಕೊಂಡಿರುವ ಕೊಡಗಿನವರು ಶುರುವಾಗದ ಕಂಪ್ಯೂಟರನ್ನು ಬೂಟ್ ಮಾಡಿಸುವ, ಅಂದರೆ ಶುರು ಮಾಡಿಸುವ, ಸೂಪರ್ ಗ್ರಬ್2 ಡಿಸ್ಕ್ ಎಂಬ ತಂತ್ರಾಂಶ ಇರುವ ಒಂದು ಪೆನ್‌ಡ್ರೈವ್ ಮನೆಯಲ್ಲಿ ಇಟ್ಟುಕೊಳ್ಳಲೇಬೇಕು. ದುಡ್ಡು ಕೊಡಬೇಕಾಗಿಲ್ಲ, ಫೈಲೂ ಚಿಕ್ಕದು. ಜೂನ್‌ಗೆ ಮೊದಲೇ ಮಾಡಿಟ್ಟುಕೊಳ್ಳಿ, ಯಾಕಂದ್ರೆ ಕಂಪ್ಯೂಟರ್ ಕೆಟ್ಟು ಕೂತ ಮೇಲೆ ಪೆನ್‌ಡ್ರೈವ್ ಮಾಡೋಕೆ ಇನ್ನೊಬ್ಬರ ಮನೆಗೆ ಹೋಗಬೇಕು.

ನಮ್ಮ ಮನೆಯಲ್ಲಿ ತೋಟದ ಲೆಕ್ಕವೆಲ್ಲ ವಿಂಡೋಸ್‌ನಲ್ಲಿದೆ, ನನ್ನ ಕೆಲಸ ಉಬುಂಟುವಿನಲ್ಲಿ. ಅಪ್‌ಡೇಟ್ ನಡೆಯುತ್ತಿದ್ದಾಗಲೇ ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಗ್ರಬ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಸಾಲು) ಮಾತ್ರ. ಗ್ರಬ್ ಅಂದರೆ ಆನ್ ಮಾಡಿದಾಗ ವಿಂಡೋಸ್ ಬೇಕೋ ಉಬುಂಟು ಬೇಕೋ ಅಂತ ಮೆನು ತೋರಿಸಿ ಶುರು ಮಾಡುವ ಪ್ರೋಗ್ರಾಂ. ಒಂದು ಅಂಗಡಿಗೆ ಫೋನ್ ಮಾಡಿದ್ದಕ್ಕೆ, ನೋಡದೆಯೇ ಫಾರ್ಮ್ಯಾಟ್ ಮಾಡ್ಬೇಕು ಅಂದರು. ದಯವಿಟ್ಟು ಈ ಮಾತಿಗೆ ಬೇಗ ಒಪ್ಪಬೇಡಿ. ಈ ಪ್ರಾಂಪ್ಟ್ ಬಂತು ಅಂದರೆ ಗ್ರಬ್ ಎದ್ದಿದೆ, ಆದರೆ ಅದಕ್ಕೆ ತನ್ನ ಮೆನು ಫೈಲ್ ಸಿಗುತ್ತಿಲ್ಲ ಅಂತ. 'ಗ್ರಬ್ ರೆಸ್ಕ್ಯೂ' ಅಂತ ತೋರಿಸಿದರೆ ಅದಕ್ಕೆ ಬೇಕಾದ ತನ್ನದೇ ಭಾಗಗಳು, ಅಂದರೆ ಮಾಡ್ಯೂಲ್‌ಗಳೇ ಸಿಗುತ್ತಿಲ್ಲ. ಸಾಮಾನ್ಯವಾಗಿ ನಿಮ್ಮ ಲೆಕ್ಕ, ಫೋಟೋ ಎಲ್ಲ ಡಿಸ್ಕಿನಲ್ಲಿ ಹಾಗೇ ಇರುತ್ತವೆ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 'ಡಿಟೆಕ್ಟ್ ಅಂಡ್ ಶೋ ಬೂಟ್ ಮೆಥಡ್ಸ್' ಒತ್ತಿದರೆ, ಡಿಸ್ಕ್ ಪೂರ್ತಿ ಹುಡುಕಿ ವಿಂಡೋಸ್, ಲಿನಕ್ಸ್ ಎರಡನ್ನೂ ಪಟ್ಟಿ ಮಾಡುತ್ತದೆ. ಉಬುಂಟು ಆರಿಸಿದೆ, ನೇರವಾಗಿ ಲಾಗಿನ್ ಪರದೆ ಬಂತು. ಆ ಖುಷಿಯನ್ನು ಹೇಗೆ ಹೇಳಲಿ! ಆದರೆ ಇದು ರಿಪೇರಿ ಮಾಡುವುದಿಲ್ಲ, ಬೂಟ್ ಮಾತ್ರ ಮಾಡಿಸುತ್ತದೆ. ಒಳಗೆ ಹೋದ ಮೇಲೆ ಟರ್ಮಿನಲ್‌ನಲ್ಲಿ 'ಸುಡೋ ಗ್ರಬ್-ಇನ್‌ಸ್ಟಾಲ್', ಆಮೇಲೆ 'ಸುಡೋ ಅಪ್‌ಡೇಟ್-ಗ್ರಬ್' ನಾವೇ ಕೊಡಬೇಕು. ಬಯೋಸ್, ಯುಇಎಫ್‌ಐ ಅಂದರೆ ಕಂಪ್ಯೂಟರನ್ನು ಶುರು ಮಾಡುವ ಹಳೇ ಮತ್ತು ಹೊಸ ಬಗೆಯ ಒಳವ್ಯವಸ್ಥೆ. ಹಳೇ ಬಯೋಸ್ ಯಂತ್ರವಾದರೆ ಮೊದಲನೆಯದಕ್ಕೆ ಡಿಸ್ಕಿನ ಹೆಸರನ್ನೂ ಸೇರಿಸಬೇಕು. ಯುಇಎಫ್‌ಐ ಯಂತ್ರವಾದರೆ ಪೆನ್‌ಡ್ರೈವನ್ನೂ ಯುಇಎಫ್‌ಐ ಮೋಡ್‌ನಲ್ಲೇ ಬೂಟ್ ಮಾಡಿರಬೇಕು, ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ.

ಇದಾದ ಮೇಲೆ ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ. 2021ರ ಗ್ರಬ್ 2.06ರಿಂದ ಬೇರೆ ಓಎಸ್ (ಆಪರೇಟಿಂಗ್ ಸಿಸ್ಟಮ್) ಹುಡುಕುವ ಓಎಸ್-ಪ್ರೋಬರ್ ಮೊದಲಿಂದಲೇ ಆಫ್ ಆಗಿರುತ್ತದೆ. ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಆನ್ ಮಾಡಿ ಮತ್ತೆ ಅಪ್‌ಡೇಟ್-ಗ್ರಬ್ ಕೊಟ್ಟರಾಯಿತು.

ಬೂಟ್-ರಿಪೇರ್ ಅನ್ನುವ ಇನ್ನೊಂದು ತಂತ್ರಾಂಶ ಇನ್ನೂ ಸುಲಭ, ಒಂದೇ ಬಟನ್ ಒತ್ತಿದರೆ ಸಾಕು. ಆದರೆ ಉಬುಂಟು ಲೈವ್‌ಗೆ (ಪೆನ್‌ಡ್ರೈವ್‌ನಿಂದಲೇ ನಡೆಯುವ ಉಬುಂಟು) ಅದನ್ನು ಹಾಕಿಕೊಳ್ಳಲು ನೆಟ್ ಬೇಕು. ಜುಲೈ ಮಳೆಯಲ್ಲಿ ನಾಪೋಕ್ಲು, ಭಾಗಮಂಡಲ ಕಡೆ ಕೂತು ನೆಟ್ ನಂಬಿಕೊಳ್ಳೋಕೆ ಆಗುತ್ತಾ? ನನಗೆ ಸೂಪರ್ ಗ್ರಬ್2 ಹೆಚ್ಚು ಇಷ್ಟವಾಗಿದ್ದು ಅದಕ್ಕೇ.

ಕೊರತೆ ಇಲ್ಲ ಅಂತಲ್ಲ. ಬರೀ ಅಕ್ಷರಗಳ ಪರದೆ, ಹೊಸಬರಿಗೆ ಹೆದರಿಕೆಯಾಗುತ್ತದೆ. ಎನ್‌ಕ್ರಿಪ್ಟ್ ಮಾಡಿದ ಲಿನಕ್ಸ್ ಆದರೆ ಬೇರೆ ಮೆನುವಿಗೆ ಹೋಗಿ ಅದನ್ನು ತೆರೆಯುವ ಸೌಲಭ್ಯ ಆನ್ ಮಾಡಬೇಕು.

ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ) ಇದ್ದರೆ, ಸೆಕ್ಯೂರ್ ಬೂಟ್ (ನಂಬಿಕಸ್ತ ಸಹಿಯಿರುವ ತಂತ್ರಾಂಶವನ್ನು ಮಾತ್ರ ಬೂಟ್ ಆಗಲು ಬಿಡುವ ಯುಇಎಫ್‌ಐ ಸೆಟ್ಟಿಂಗ್) ಮುಟ್ಟುವ ಮೊದಲು 48 ಅಂಕೆಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಆನ್‌ಲೈನ್ ಖಾತೆಯಲ್ಲಿದೆ ಅಂತ ಸುಮ್ನೆ ಇದ್ದರೆ, ನೆಟ್ ಇಲ್ಲದ ದಿನವೇ ಅದನ್ನು ಕೇಳುತ್ತದೆ.