ಕೆಲಸದ ಕರೆಗೆ ಬಡ್ಸೋ, ಕಡ್ಡಿ ಮೈಕಿನ ಹೆಡ್‌ಸೆಟ್ಟೋ?

ಮೈಸೂರಿನ ಕುವೆಂಪುನಗರದ ಮನೆಯಿಂದಲೇ ದಿನಕ್ಕೆ ನಾಲ್ಕೈದು ಗಂಟೆ ಫೋನಿನಲ್ಲಿ ಮಾತಾಡುವ ಕೆಲಸ ನನ್ನದು. ಕಿವಿಯೊಳಗೆ ಸಿಕ್ಕಿಸುವ ಬಡ್ಸ್, ಬಾಯಿಯ ಹತ್ತಿರಕ್ಕೆ ಕಡ್ಡಿಯಂತೆ ಮೈಕ್ ಚಾಚಿರುವ ಹೆಡ್‌ಸೆಟ್ ಎರಡನ್ನೂ ಬಳಸಿದ್ದೇನೆ.

ಹಾಡು ಕೇಳಲು, ಜೇಬಿಗೆ ಹಾಕಿಕೊಂಡು ಹೊರಡಲು ಬಡ್ಸ್ ಚೆನ್ನ. ಆದರೆ ಕೆಲಸದ ಕರೆಯಲ್ಲಿ ಮುಖ್ಯ, ನಮ್ಮ ದನಿ ಆ ಕಡೆಯವರಿಗೆ ಹೇಗೆ ಕೇಳುತ್ತದೆ ಅನ್ನುವುದು. ಬಡ್ಸಿನ ಮೈಕ್ ಇರುವುದು ಕಿವಿಯ ಹತ್ತಿರ, ಬಾಯಿಂದ ದೂರ. ಬೀದಿಯಲ್ಲಿ ಸೊಪ್ಪಿನವರು ಕೂಗಿದರೂ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೂ ನನ್ನ ಮಾತಿನ ಜೊತೆ ಅದೂ ಹೋಗುತ್ತಿತ್ತು. ಕಡ್ಡಿ ಮೈಕನ್ನು ತುಟಿಯ ಅಂಚಿನಿಂದ ಎರಡು ಬೆರಳು ದೂರಕ್ಕೆ, ಉಸಿರು ನೇರ ಬಡಿಯದ ಹಾಗೆ ಪಕ್ಕಕ್ಕೆ ತಿರುಗಿಸಿಟ್ಟ ಮೇಲೆ "ಇನ್ನೊಂದ್ಸಲ ಹೇಳಿ ಸಾರ್" ಅನ್ನುವುದು ನಿಂತಿತು.

ಡಬ್ಬದ ಮೇಲಿನ 'ನಾಯ್ಸ್ ಕ್ಯಾನ್ಸಲೇಶನ್' ನೋಡಿ ಮೋಸಹೋಗಬೇಡಿ. ಅದು ಸಾಮಾನ್ಯವಾಗಿ ನಿಮ್ಮ ಕಿವಿಗೆ ಬೀಳುವ ಗದ್ದಲ ತಗ್ಗಿಸುವಂಥದ್ದು. ಮೈಕಿಗೂ ಆ ವ್ಯವಸ್ಥೆ ಇದೆಯಾ ಅಂತ ಬೇರೆಯಾಗಿಯೇ ಕೇಳಿ. ಲ್ಯಾಪ್‌ಟಾಪ್, ಮೊಬೈಲ್ ಎರಡಕ್ಕೂ ಒಟ್ಟಿಗೆ ಸೇರುವ ಮಲ್ಟಿಪಾಯಿಂಟ್ ಇದ್ದರೆ ದಿನಪೂರ್ತಿ ನೆಮ್ಮದಿ.

ಬ್ಲೂಟೂತ್ ಸುಮಾರು 10 ಮೀಟರ್ ಮುಟ್ಟುತ್ತದೆ, ಗೋಡೆ ಅಡ್ಡ ಬಂದರೆ ಕಡಿಮೆ. ಮನೆಗೆ ಅಷ್ಟು ಸಾಕು. ಒಂದೇ ಕಿವಿಯ ಹೆಡ್‌ಸೆಟ್ ಆದರೆ ಬಾಗಿಲ ಬೆಲ್ಲೂ ಕೇಳಿಸುತ್ತದೆ. ನನ್ನ ಆಯ್ಕೆ ಅದೇ.

ಕೊಳ್ಳುವ ಮುಂಚೆ ದೇವರಾಜ ಅರಸು ರಸ್ತೆಯ ಗದ್ದಲದಲ್ಲೇ, ಅಂಗಡಿ ಬಾಗಿಲಲ್ಲಿ ನಿಂತು ಮನೆಗೊಂದು ಕರೆ ಮಾಡಿ ನೋಡಿ.